ತೊಳೆಯದೆ ಬಂದ ಕಾಲು

ಪೂಜ್ಯ ಮರಿದಾಸ ಸ್ವಾಮಿಗಳು ಗುಡ್ಡೆಪಾಳ್ಯದ ಧರ್ಮಕೇಂದ್ರಕ್ಕೆ ಬಂದಾಗ ಅವರ ವಾಸಕ್ಕೆ ಸಿಕ್ಕಿದ್ದು ದೇವಾಲಯದ ಹಿಂಬದಿಯ ಒಂಟಿ ಕೋಣೆ. ಅಲ್ಲಿ ಒಂದು ಚಾಪೆ, ಒಂದು ಮಣ್ಣಿನ ಹೂಜಿ, ಗೋಡೆಗೆ ಒಂದು ಶಿಲುಬೆ. ಇನ್ನೇನು ಬೇಕು ಎಂದು ಕೇಳಿದವರಿಗೆ ಅವರು ತೋರಿಸಿದ್ದು ಅಂಗಳದ ಬಾವಿಯನ್ನು. ಬಲಿಪೀಠದ ವಸ್ತ್ರಗಳನ್ನೆಲ್ಲ ಆ ಬಾವಿಕಟ್ಟೆಯ ಮೇಲೆ ತಾವೇ ಒಗೆದು ತಾವೇ ಹರವುತ್ತಿದ್ದರು. ಊರಿನ ಹೆಂಗಸರಿಗೆ ಅದನ್ನು ನೋಡಲಾಗುತ್ತಿರಲಿಲ್ಲ. "ಕೊಡಿ ಸ್ವಾಮಿ, ನಾವು ಒಗೀತೀವಿ" ಎಂದು ಕೈಚಾಚಿದರೆ, "ಯಾಕಮ್ಮ, ನಿಮ್ಮನೇಲಿ ಕೊಳೆ ಬಟ್ಟೆ ಮುಗೀತಾ?" ಎಂದು ಕೇಳಿ ನಗುತ್ತಿದ್ದರು.

ಊರಿನಲ್ಲಿ ಅವರ ಬಗ್ಗೆ ಹೇಳುವ ಸಂಗತಿಗಳು ಅನೇಕ. ಇಟ್ಟಿಗೆ ಚೌರಪ್ಪನದು ಅವುಗಳಲ್ಲೊಂದು.

ಪವಿತ್ರ ಗುರುವಾರ ಸಂಜೆಯ ಪೂಜೆಯಲ್ಲಿ ಗುರುಗಳು ಹನ್ನೆರಡು ಗಂಡಸರನ್ನು ಬೆಂಚಿನ ಮೇಲೆ ಕೂರಿಸಿ ಅವರ ಪಾದ ತೊಳೆಯುತ್ತಾರೆ. ಯೇಸುಸ್ವಾಮಿ ಕಡೆಯ ಭೋಜನದ ದಿನ ಶಿಷ್ಯರ ಪಾದ ತೊಳೆದದ್ದರ ಸ್ಮರಣೆ ಅದು. ಗುಡ್ಡೆಪಾಳ್ಯದವರಿಗೆ ಆ ಬೆಂಚು ಎಂದರೆ ದೊಡ್ಡ ಗೌರವ. ಆದ್ದರಿಂದ ಬೆಂಚಿಗೆ ಆಯ್ಕೆಯಾದವರು ಬೆಳಿಗ್ಗೆಯಿಂದಲೇ ಕಾಲುಗಳ ಹಿಂದೆ ಬೀಳುತ್ತಿದ್ದರು. ಬಿಸಿನೀರು, ಸೋಪು, ಹಿಮ್ಮಡಿ ಉಜ್ಜುವ ಕಲ್ಲು, ಕೊನೆಗೆ ಕೊಬ್ಬರಿ ಎಣ್ಣೆ. ಊರಿನ ಯಜಮಾನರಾದ ಇನ್ನಾಸಪ್ಪನವರಂತೂ ಒಂದು ವರ್ಷ ದಾರಿಯ ಧೂಳು ತಾಗದಿರಲೆಂದು ಅಳಿಯನ ಸೈಕಲ್ಲಿನ ಹಿಂದೆ ಎರಡೂ ಕಾಲೆತ್ತಿ ಕೂತು ಬಂದಿದ್ದರು.

ಸ್ವಾಮಿಗಳು ಬಂದ ಮೊದಲ ವರ್ಷ ಹನ್ನೆರಡು ಜನರ ಪಾದ ತೊಳೆದರು, ಒರೆಸಿದರು, ಮುತ್ತಿಟ್ಟರು. ಪೂಜೆ ಮುಗಿದ ಮೇಲೆ ಬೋಗುಣಿಯೊಳಗೆ ಇಣುಕಿ ನೋಡಿದರು. ನೀರು ಸೇದಿದ ಹಾಗೇ ತಿಳಿಯಾಗಿತ್ತು. ಮೇಲೆ ಸ್ವಲ್ಪ ಎಣ್ಣೆ ತೇಲುತ್ತಿತ್ತು. ಅವರು ಅದನ್ನು ಅಂಗಳದ ದಾಸವಾಳದ ಗಿಡಕ್ಕೆ ಸುರಿದರು.

ಆ ಬೆಂಚಿನ ಮೇಲೆ ಚೌರಪ್ಪನಿಗೂ ಒಮ್ಮೆ ಜಾಗ ಸಿಕ್ಕಿತ್ತು. ಅದು ಸ್ವಾಮಿಗಳು ಬರುವುದಕ್ಕೆ ಬಹಳ ಮುಂಚೆ. ಚೌರಪ್ಪ ಊರಾಚೆ ಕೆರೆಯಂಗಳದಲ್ಲಿ ಇಟ್ಟಿಗೆ ಮಾಡುವವನು. ಆ ದಿನ ಗೂಡಿಗೆ ಬೆಂಕಿ ಇಟ್ಟು, ಹೊತ್ತು ಮೀರಿತೆಂದು ಓಡುತ್ತ ಬಂದಿದ್ದ. ಮೊಣಕಾಲಿನವರೆಗೂ ಕೆಮ್ಮಣ್ಣು. ಇನ್ನಾಸಪ್ಪನವರು ತುಂಬಿದ ಸಭೆಯ ಮುಂದೆ ಅವನನ್ನು ಎಬ್ಬಿಸಿದರು. "ಇದೇನು ದೇವಾಲಯವೋ ಕೆಸರುಗದ್ದೆಯೋ? ಹೋಗು, ಕಾಲು ತೊಳ್ಕೊಂಡು ಬಾ" ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಚೌರಪ್ಪ ಎದ್ದು ಹೋದವನು ತೊಳೆದುಕೊಂಡು ಬರಲಿಲ್ಲ. ಮರುದಿನವೂ ಬರಲಿಲ್ಲ, ಭಾನುವಾರ ಯೇಸುವಿನ ಪುನರುತ್ಥಾನದ ಪಾಸ್ಕ ಹಬ್ಬಕ್ಕೂ ಬರಲಿಲ್ಲ.

ಮೊದಲು ಅವನ ಸಿಟ್ಟು ಇನ್ನಾಸಪ್ಪನವರ ಮೇಲಿತ್ತು. ಆಮೇಲೆ, ಎಲ್ಲವನ್ನೂ ನೋಡುತ್ತ ಸುಮ್ಮನಿದ್ದ ದೇವರ ಮೇಲೆ ತಿರುಗಿತು. ಮನೆಯಲ್ಲಿ ಜಪಸರದ ಪ್ರಾರ್ಥನೆ ಹೇಳಿಸುತ್ತಿದ್ದವನು ಜಪಸರ ಶುರುವಾದರೆ ಹೊರಗೆದ್ದು ಹೋಗತೊಡಗಿದ. ಊಟಕ್ಕೆ ಮುಂಚೆ ಶಿಲುಬೆ ಗುರುತು ಹಾಕುವುದನ್ನೂ ಬಿಟ್ಟ. ಭಾನುವಾರ ಗಂಟೆ ಹೊಡೆದಾಗ ಇಸ್ಪೀಟು ಹರಡುತ್ತಿದ್ದ. ವರ್ಷಗಳು ಉರುಳಿದವು. ಸಿಟ್ಟು ಯಾವಾಗಲೋ ಇಳಿದುಹೋಗಿತ್ತು. ಆದರೆ ವಾಪಸು ಹೋಗುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಕಾಲು ತೊಳೆದುಕೊಂಡು ಹೋದರೆ ಇನ್ನಾಸಪ್ಪನವರ ಮಾತೇ ಗೆದ್ದಂತೆ. ಅದನ್ನು ಬಿಟ್ಟು ಬೇರೆ ದಾರಿ ಅವನಿಗೆ ಕಾಣುತ್ತಿರಲಿಲ್ಲ. ಗಂಟೆಯ ಸದ್ದು ಕೇಳಿದಾಗ ಅವನು ಕೈಯಲ್ಲಿದ್ದ ಇಸ್ಪೀಟೆಲೆಯನ್ನು ತಪ್ಪಾಗಿ ಇಳಿಸುವುದನ್ನು ಜೊತೆಯಲ್ಲಿ ಆಡುವವರು ಗಮನಿಸಿದ್ದರು.

ಅವನ ಹೆಂಡತಿ ಲೂರ್ದಮ್ಮ ಮಾತ್ರ ಪ್ರತಿ ಪಾಸ್ಕ ಹಬ್ಬಕ್ಕೂ ಅವನದೊಂದು ಬಿಳಿ ಅಂಗಿ ಒಗೆದು, ಇಸ್ತ್ರಿ ಮಾಡಿಸಿ, ಗೂಟಕ್ಕೆ ಹಾಕುತ್ತಿದ್ದಳು. ಹಬ್ಬ ಕಳೆದ ಮೇಲೆ ಮಡಿಚಿ ಪೆಟ್ಟಿಗೆಯಲ್ಲಿಡುತ್ತಿದ್ದಳು.

ಸ್ವಾಮಿಗಳು ಬಂದ ಎರಡನೆಯ ವರ್ಷ. ಪವಿತ್ರ ಗುರುವಾರ ಮಧ್ಯಾಹ್ನ ಚೌರಪ್ಪ ಗುಂಡಿಯಲ್ಲಿ ಮಣ್ಣು ತುಳಿಯುತ್ತಿದ್ದ. ದಡದಲ್ಲಿ ಅವನ ಪಾಲುದಾರ ಮಾದಯ್ಯ ಅಚ್ಚುಗಳಿಗೆ ಮರಳು ಉದುರಿಸುತ್ತಿದ್ದ. ಕೆರೆ ಏರಿಯ ಮೇಲೆ ಬಿಳಿ ನಿಲುವಂಗಿ ಕಾಣಿಸಿತು. ಸ್ವಾಮಿಗಳು ಕೊಡೆಯೂ ಇಲ್ಲದೆ ಬಿಸಿಲಿನಲ್ಲಿ ನಡೆದು ಬಂದು ಗುಂಡಿಯ ಅಂಚಿನಲ್ಲಿ ನಿಂತರು.

'ಸ್ತೋತ್ರ ಸ್ವಾಮಿ' ಎಂಬ ವಂದನೆಯ ಮಾತು ಚೌರಪ್ಪನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅದನ್ನು ನುಂಗಿಕೊಂಡು, "ಏನ್ ಸ್ವಾಮಿ, ಇಷ್ಟು ದೂರ? ಇಟ್ಟಿಗೆ ಬೇಕಿತ್ತಾ?" ಎಂದ.

"ಇಟ್ಟಿಗೆ ಬೇಡ. ದಾವೀದಪ್ಪನಿಗೆ ಜ್ವರ ಬಂದಿದೆ. ಬೆಂಚಿನಲ್ಲಿ ಒಂದು ಜಾಗ ಖಾಲಿ ಉಳಿದಿದೆ."

"ಊರಲ್ಲಿ ಬೇರೆ ಗಂಡಸರಿಲ್ವಾ?"

"ಇದ್ದಾರೆ. ನನಗೇನೂ ಕೆಲಸ ಉಳಿಸದ ಹಾಗೆ ಕಾಲು ತೊಳೆದುಕೊಂಡು ಕೂತಿದ್ದಾರೆ."

ಮಾದಯ್ಯ ಕಿಸಕ್ಕನೆ ನಕ್ಕ. ಚೌರಪ್ಪನಿಗೂ ನಗು ಬಂತು. ಅದನ್ನು ತಡೆದುಕೊಳ್ಳಲು ಮುಖ ಆಚೆ ತಿರುಗಿಸಿದ. ಸ್ವಾಮಿಗಳ ಮುಂದೆ ನಕ್ಕುಬಿಟ್ಟರೆ ಇಷ್ಟು ವರ್ಷದ ಬಿಗಿ ಸಡಿಲವಾದಂತೆ ಎಂದು ಅವನಿಗೆ ಅನ್ನಿಸಿತು. ಬೇಕೆಂದೇ ದನಿ ಒರಟು ಮಾಡಿಕೊಂಡ.

"ನಾನು ಬಂದ್ರೆ ಹಿಂಗೇ ಬರೋದು ಸ್ವಾಮಿ. ಒಂದು ಚೊಂಬು ನೀರೂ ಕಾಲಿಗೆ ಹಾಕಲ್ಲ. ನಿಮ್ಮ ಯಜಮಾನ್ರು ಒಪ್ತಾರಾ, ಕೇಳ್ಕೊಂಡು ಬನ್ನಿ."

ಸ್ವಾಮಿಗಳು ಅವನ ಕಾಲುಗಳನ್ನು ನೋಡಿದರು. ಅವರ ಮುಖದಲ್ಲಿ ಸಂತೋಷ ಕಾಣಿಸಿತು.

"ನೀನು ತೊಳೆಯಬೇಡ ಚೌರಪ್ಪ. ತೊಳೆಯುವ ಕೆಲಸ ನನ್ನದು."

ಅಷ್ಟು ಹೇಳಿ, ಬಂದ ದಾರಿಯಲ್ಲೇ ಹೊರಟುಹೋದರು. ಬರುತ್ತೀಯಾ ಎಂದು ಕೇಳಲಿಲ್ಲ.

"ಹೋಗೋ, ಪುಗಸಟ್ಟೆ ಕಾಲು ತೊಳೀತಾರಂತೆ" ಎಂದ ಮಾದಯ್ಯ. "ನನ್ನ ಹೆಂಡ್ತೀನ ಕೇಳಿದ್ರೆ ಚೊಂಬೇ ಎಸೀತಾಳೆ."

"ನೋಡೇಬಿಡ್ತೀನಿ" ಎಂದ ಚೌರಪ್ಪ. ಹೊರಡುವ ಹೊತ್ತಿಗೆ ಅವನ ಕಾಲಿನ ಮಣ್ಣು ಒಣಗಿ ಉದುರತೊಡಗಿತ್ತು. ಹಟಕ್ಕೆ ಮತ್ತೊಮ್ಮೆ ಗುಂಡಿಗಿಳಿದು ನಾಲ್ಕು ಹೆಜ್ಜೆ ತುಳಿದು ಮೇಲೆ ಬಂದ.

ಮನೆಯ ಬಾಗಿಲಲ್ಲಿ ಲೂರ್ದಮ್ಮ ದೇವಾಲಯಕ್ಕೆ ಹೊರಟು ನಿಂತಿದ್ದಳು.

"ಅಂಗಿ ಎಲ್ಲಿ?" ಎಂದು ಕೇಳಿದ.

"ಯಾವ ಅಂಗಿ?"

"ನೀನು ಗೂಟಕ್ಕೆ ಹಾಕ್ತೀಯಲ್ಲ, ಅದು. ಗುಡಿಗೆ ಹೋಗ್ಬೇಕು."

ಲೂರ್ದಮ್ಮ ಅವನ ಮುಖ ನೋಡಿದಳು, ಕಾಲು ನೋಡಿದಳು. ಓಡಿಹೋಗಿ ಅಂಗಿಯ ಜೊತೆಗೆ ಒಂದು ತಂಬಿಗೆ ನೀರನ್ನೂ ತಂದಳು.

"ನೀರು ಬೇಡ. ಸ್ವಾಮಿಯೋರೇ ಹೇಳವ್ರೆ."

"ಈ ಕಾಲಲ್ಲಿ ಬಾ ಅಂದ್ರಾ?"

"ಹೂಂ."

ಅವಳು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು. "ಹಂಗಾದ್ರೆ ಬನ್ನಿ, ಹೊತ್ತಾಯ್ತು" ಎಂದು ಅವನಿಗಿಂತ ಮುಂದೆ ನಡೆದಳು. ಅವನು ಮನಸ್ಸು ಬದಲಿಸಿಬಿಟ್ಟಾನೆಂಬ ಭಯ ಅವಳಿಗೆ.

ದೇವಾಲಯದ ನುಣುಪು ನೆಲದ ಮೇಲೆ ಬಾಗಿಲಿನಿಂದ ಬೆಂಚಿನವರೆಗೆ ಕೆಂಪು ಹೆಜ್ಜೆಗಳು ಮೂಡಿದವು. ದಾವೀದಪ್ಪನ ಜಾಗ ಬೆಂಚಿನ ತುದಿಯಲ್ಲಿ, ಇನ್ನಾಸಪ್ಪನವರ ಪಕ್ಕದಲ್ಲೇ ಇತ್ತು. ಅವರು ಎಣ್ಣೆ ಹಚ್ಚಿದ ತಮ್ಮ ಪಾದಗಳನ್ನು ಸ್ವಲ್ಪ ಒಳಗೆ ಸರಿಸಿ, ಪಂಚೆಯ ಅಂಚು ಎತ್ತಿಕೊಂಡರು.

"ಏನಪ್ಪಾ ಇದು?" ಎಂದು ಪಿಸುಗುಟ್ಟಿದರು.

"ಕಾಲು, ಯಜಮಾನ್ರೆ."

ಇನ್ನಾಸಪ್ಪನವರು ಬಾಯಿ ತೆರೆದರು. ಬಲಿಪೀಠದ ಕಡೆಯಿಂದ ಸ್ವಾಮಿಗಳು ಇತ್ತಲೇ ನೋಡುತ್ತಿದ್ದರು. ಯಜಮಾನರ ಬಾಯಿ ಮುಚ್ಚಿಕೊಂಡಿತು.

ಸ್ವಾಮಿಗಳು ಮೇಲುವಸ್ತ್ರ ತೆಗೆದಿಟ್ಟು, ಸೊಂಟಕ್ಕೆ ಟವೆಲು ಕಟ್ಟಿಕೊಂಡು, ಬೆಂಚಿನ ಇನ್ನೊಂದು ತುದಿಯಿಂದ ಮಂಡಿಯೂರಿ ಬಂದರು. ಪೂಜೆಯಲ್ಲಿ ನೆರವಾಗುವ ಉಪದೇಶಿಗಳು ಹೂಜಿಯಿಂದ ನೀರು ಹೊಯ್ಯುತ್ತಿದ್ದರು. ಒಬ್ಬೊಬ್ಬರದೂ ಬೇಗ ಬೇಗ ಮುಗಿಯಿತು. ಬೋಗುಣಿ ಚೌರಪ್ಪನ ಮುಂದೆ ಬಂದಾಗಲೂ ನೀರು ತಿಳಿಯಾಗಿಯೇ ಇತ್ತು.

ಅವನ ಒಂದು ಕಾಲು ಒಳಗಿಳಿಯಿತು. ನೀರು ಕೆಂಪಾಯಿತು.

ಎರಡು ಬೊಗಸೆ ನೀರು ಸುರಿದು ಮುಗಿಸಿಬಿಡುತ್ತಾರೆ, ಆಮೇಲೆ ಎದ್ದು ಹೋದರಾಯಿತು ಎಂದು ಚೌರಪ್ಪ ಲೆಕ್ಕ ಹಾಕಿದ್ದ. ಸ್ವಾಮಿಗಳಿಗೆ ಅವಸರವೇ ಇರಲಿಲ್ಲ. ಅಂಗೈಯಲ್ಲಿ ಮೀನಖಂಡ ಉಜ್ಜಿದರು. ಬೆರಳುಗಳ ಸಂದಿಯಲ್ಲಿ ಗಟ್ಟಿಯಾಗಿದ್ದ ಮಣ್ಣನ್ನು ನೆನೆಸಿ, ಹೆಬ್ಬೆರಳಿನಿಂದ ಒಂದೊಂದೇ ಬಿಡಿಸಿದರು. ಹಾಡುವವರ ಹಾಡು ಮುಗಿದುಹೋಯಿತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ಮೊದಲನೆಯ ಚರಣದಿಂದ ಶುರು ಮಾಡಿದರು.

ಹಿಮ್ಮಡಿಯ ಮಣ್ಣು ಕರಗಿದಾಗ ಅದರಡಿಯಲ್ಲಿ ಒಂದು ಆಳವಾದ ಒಡಕು ಕಾಣಿಸಿತು. ಸ್ವಾಮಿಗಳ ಕೈ ತಟ್ಟನೆ ನಿಂತಿತು. ಅವರು ತಲೆಯೆತ್ತಿ ಚೌರಪ್ಪನ ಮುಖ ನೋಡಿದರು.

"ನೋವಾಯಿತೆ?"

ಚೌರಪ್ಪ ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ, ಉಪದೇಶಕ್ಕೂ ಸಿದ್ಧನಾಗಿದ್ದ. ಯಾರಾದರೂ ಹೀಗೆ ಕೇಳಿಯಾರೆಂದು ಅವನು ಎಣಿಸಿರಲಿಲ್ಲ. ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ; ಕೇಳುವುದಕ್ಕೆ ಅವನೂ ಯಾರನ್ನೂ ಹತ್ತಿರ ಬಿಟ್ಟುಕೊಂಡಿರಲಿಲ್ಲ. ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೇ ಗೊತ್ತಿರಲಿಲ್ಲ.

ಸ್ವಾಮಿಗಳ ಬೆರಳುಗಳು ಇನ್ನೂ ಮೃದುವಾದವು.

ಎರಡನೆಯ ಕಾಲಿನ ಸರದಿ ಬಂದಾಗ ಬೋಗುಣಿಯಲ್ಲಿದ್ದದ್ದು ನೀರು ಎನ್ನುವ ಹಾಗಿರಲಿಲ್ಲ. ಉಪದೇಶಿಗಳ ಹೂಜಿಯೂ ಬರಿದಾಗಿತ್ತು. ಹನ್ನೆರಡು ಜೋಡಿ ಕಾಲಿಗೆ ಅರ್ಧ ಹೂಜಿ ಮಿಗುವುದು ಆ ಊರಿನ ರೂಢಿ. ಇನ್ನಷ್ಟು ಬೇಕಾದೀತೆಂದು ಯಾರೂ ಯೋಚಿಸಿರಲಿಲ್ಲ. ಸ್ವಾಮಿಗಳು ಕೆಸರಾದ ಕೈಗಳನ್ನು ಹಾಗೇ ಹಿಡಿದುಕೊಂಡು ಕಾದರು. ಯಾರನ್ನೂ ಕರೆಯಲಿಲ್ಲ.

ಆಗ ಚೌರಪ್ಪನ ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ಇನ್ನಾಸಪ್ಪನವರು ಎದ್ದರು. ಎಣ್ಣೆಗಾಲಿನಲ್ಲಿ ಜಾರದಂತೆ ಗೋಡೆ ಹಿಡಿದುಕೊಂಡು ಹೊರಗೆ ಹೋದರು. ಬಾವಿಯ ರಾಟೆಯ ಸದ್ದು ಒಳಗಿದ್ದವರಿಗೆಲ್ಲ ಕೇಳಿಸಿತು. ತುಂಬಿದ ಕೊಡ ಹೊತ್ತು ಅವರು ಅಂಗಳ ದಾಟಿ ಬಂದಾಗ ಅವರ ಪಾದಗಳಿಗೆ ಧೂಳು ಮೆತ್ತಿ, ಪಂಚೆ ಮಂಡಿಯವರೆಗೂ ಒದ್ದೆಯಾಗಿತ್ತು. ಅವರು ಕೊಡವನ್ನು ಉಪದೇಶಿಗಳಿಗೆ ಕೊಡಲಿಲ್ಲ. ತಾವೇ ಬಾಗಿ ಚೌರಪ್ಪನ ಕಾಲಿಗೆ ಹೊಯ್ದರು. ಕೊಡ ವಾಲಿ ಅರ್ಧ ನೀರು ಸ್ವಾಮಿಗಳ ನಿಲುವಂಗಿಯ ಮೇಲೆ ಬಿತ್ತು.

"ಮೆಲ್ಲಗೆ, ಯಜಮಾನ್ರೆ" ಎಂದ ಚೌರಪ್ಪ.

"ನೀನು ಕಾಲು ಅಲ್ಲಾಡಿಸಬೇಡ" ಎಂದರು ಇನ್ನಾಸಪ್ಪನವರು.

ಸ್ವಾಮಿಗಳು ಪಾದಗಳನ್ನು ಒರೆಸಿ, ಬಗ್ಗಿ, ಆ ಒಡಕಿನ ಪಕ್ಕದಲ್ಲೇ ಮುತ್ತಿಟ್ಟರು. ಏಳುವಾಗ ಬೋಗುಣಿಯನ್ನು ತೋರಿಸಿ, "ಈ ವರ್ಷ ದಾಸವಾಳಕ್ಕೆ ಒಳ್ಳೆಯ ಮಣ್ಣು" ಎಂದು ಮೆಲ್ಲಗೆ ಹೇಳಿದರು. ಮುಂದಿನ ಸಾಲಿನಲ್ಲಿದ್ದವರು ಕೇಳಿಸಿಕೊಂಡು ನಕ್ಕರು. ಈ ಸಲ ಆ ನಗು ಚೌರಪ್ಪನನ್ನು ಚುಚ್ಚಲಿಲ್ಲ.

ಎಲ್ಲರೂ ಕೂಡಿ ಹೇಳುವ ಪರಲೋಕ ಮಂತ್ರ ಶುರುವಾದಾಗ ಅವನು ತನಗೆ ಅದು ಮರೆತಿರಬಹುದೆಂದುಕೊಂಡ. ತುಟಿಗಳು ಅವನನ್ನು ಕೇಳದೆಯೇ ಹೇಳಿಕೊಂಡು ಹೋದವು. ಪ್ರಸಾದ ಸ್ವೀಕರಿಸಲು ಎಲ್ಲರೂ ಎದ್ದಾಗ ಅವನು ಕೂತೇ ಇದ್ದ. ಅದಕ್ಕೆ ಮೊದಲು ಸ್ವಾಮಿಗಳ ಮುಂದೆ ಹೇಳಿಕೊಳ್ಳಬೇಕಾದ ತಪ್ಪುಗಳು ಬಹಳವಿದ್ದವು. ಮರುದಿನ ಬೆಳಗಾಗುತ್ತಲೇ ಪಾಪನಿವೇದನೆಗೆ ಬಂದು ನಿಂತವರಲ್ಲಿ ಅವನೇ ಮೊದಲಿಗ. ಪಾಸ್ಕ ಹಬ್ಬದ ಬೆಳಗಿನ ಪೂಜೆಯಲ್ಲಿ ಆ ಬಿಳಿ ಅಂಗಿ ತೊಟ್ಟು, ಲೂರ್ದಮ್ಮನ ಹಿಂದೆಯೇ ನಡೆದು ಹೋಗಿ ಪ್ರಸಾದ ಸ್ವೀಕರಿಸಿದ. ಅಂದಿನಿಂದ ಅವನ ಮನೆಯ ಜಪಸರವನ್ನು ಅವನೇ ಹೇಳಿಸಿದ. ಇಸ್ಪೀಟಿನ ಗೆಳೆಯರು ಬಂದು ಕರೆದರೆ, "ಇರ್ರೋ, ಜಪಸರದಲ್ಲಿ ಇನ್ನೊಂದು ರಹಸ್ಯ ಹೇಳೋದು ಉಳಿದೈತೆ" ಎಂದು ಅವರನ್ನೂ ಜಗಲಿಯಲ್ಲಿ ಕೂರಿಸುತ್ತಿದ್ದ.

ಮರುವರ್ಷದ ಪವಿತ್ರ ಗುರುವಾರ ಅವನು ಮತ್ತೆ ಮಣ್ಣು ತುಳಿಯುತ್ತಿದ್ದ. ಇಳಿಬಿಸಿಲಿನಲ್ಲಿ ಕೆರೆ ಏರಿಯ ಮೇಲೆ ಯಾರೋ ಕೋಲೂರಿಕೊಂಡು ಬರುವುದು ಕಾಣಿಸಿತು. ಇನ್ನಾಸಪ್ಪನವರು. ಗುಂಡಿಯ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಪಂಚೆ ಮೇಲೆತ್ತಿ ಕಟ್ಟಿದರು.

"ಕೈ ಕೊಡೋ" ಎಂದರು.

"ಯಾಕೆ ಯಜಮಾನ್ರೆ?"

"ಈ ವರ್ಷವೂ ಬೆಂಚಿಗೆ ನನ್ನ ಹೆಸರು ಹೇಳವ್ರೆ. ಸ್ವಾಮಿಯೋರಿಗೆ ಏನಾದ್ರೂ ಕೆಲಸ ಬೇಡ್ವಾ?"

ಚೌರಪ್ಪ ಕೈ ಚಾಚಿದ. ಯಜಮಾನರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡು, ಮೆಲ್ಲಗೆ ಕೆಸರಿಗೆ ಇಳಿದರು.