ಹನೋಕನ ಸಾಕ್ಷಿ

ಮುಟ್ಟಿ ನೋಡದೆ ಯಾವುದನ್ನೂ ಒಪ್ಪುವ ಜಾಯಮಾನ ಹನೋಕನದಲ್ಲ.

ಅದರಲ್ಲಿ ಅವನ ತಪ್ಪೇನೂ ಇಲ್ಲ ಬಿಡಿ. ವರದಾ ನದಿಯ ದಂಡೆಯ ಆಶ್ರಮಕ್ಕೆ ಬರುವ ಮೊದಲು ಅವನು ಹದಿನಾಲ್ಕು ವರ್ಷ ಹತ್ತಿಪೇಟೆಯಲ್ಲಿದ್ದವನು. ಅಂಡಿಗೆಯ ಮೂಟೆಯೊಳಗೆ ಕೈ ತೂರಿಸಿ, ಒಂದು ಚಿಟಿಕೆ ಹತ್ತಿ ಹಿರಿದು, ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದು, ಇದು ಇಂಥ ದರ್ಜೆಯದು ಎಂದು ಹೇಳಿಬಿಡುತ್ತಿದ್ದ. ಯಾರ ಮಾತನ್ನೂ ನಂಬಬೇಡ, ಬೆರಳನ್ನು ನಂಬು ಎಂಬುದು ಆ ಪೇಟೆ ಅವನಿಗೆ ಕಲಿಸಿದ ಪಾಠ.

ಆಶ್ರಮವೆಂದರೆ ದೊಡ್ಡದೇನಲ್ಲ. ನಾಲ್ಕು ಹಂಚಿನ ಕೋಣೆ, ಪ್ರಾರ್ಥನೆಗೊಂದು ಪಡಸಾಲೆ, ಹೊಳೆಗೆ ಇಳಿಯಲು ಹನ್ನೊಂದು ಮೆಟ್ಟಿಲು. ಅದನ್ನು ನಡೆಸುತ್ತಿದ್ದವರು ಯೋಬಪ್ಪ ಎಂಬ ಮುದಿ ಕ್ರೈಸ್ತ ಉಪದೇಶಿ. ಸುತ್ತಲಿನ ಊರುಗಳವರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಯೋಬಪ್ಪನವರು ಅಜ್ಜಾರು. ಬೆಳಿಗ್ಗೆ ಸತ್ಯವೇದದ ಒಂದು ಅಧ್ಯಾಯ ಓದಿಸುವರು, ಆಮೇಲೆ ಬದನೆ ಗಿಡಕ್ಕೆ ನೀರು ಹೊರಿಸುವರು. ಮಾತು ಕಡಿಮೆ.

ಅಲ್ಲಿಗೊಂದು ಪದ್ಧತಿಯಿತ್ತು. ಮೂರು ವರ್ಷ ಕಳೆದ ಶಿಷ್ಯ ಒಂದು ರವಿವಾರ ಹೊಳೆಯ ಕೊನೆಯ ಮೆಟ್ಟಿಲ ಮೇಲೆ, ಮೊಣಕಾಲುದ್ದ ನೀರಿನಲ್ಲಿ ನಿಂತು, ದಂಡೆಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ದೇವರು ತನಗೆ ಹೇಗೆ ಗೊತ್ತಾದ ಎಂಬ ತನ್ನ ಸಾಕ್ಷಿ ಹೇಳಬೇಕು. ಆಗ ಅಜ್ಜಾರು ಅವನ ಹೆಗಲಿಗೆ ಬಿಳಿ ಶಲ್ಯ ಹೊದಿಸುತ್ತಾರೆ. ಅದೇ ದೀಕ್ಷೆ, ಅಲ್ಲಿಂದ ಅವನು ಆಶ್ರಮದವನು.

ಹಿಂದಿನ ವರ್ಷ ರೂತವ್ವ, ಪ್ರಾರ್ಥನೆಯಲ್ಲಿ ಯಾರೋ ಹೆಗಲ ಮೇಲೆ ಬೆಚ್ಚನೆಯ ಕೈ ಇಟ್ಟರು ಎಂದಿದ್ದಳು. ಅದಕ್ಕೂ ಮುಂಚೆ ಸೀಲಪ್ಪ ಬೆಳಕು ಕಂಡಿದ್ದ. ಕೇಳಿದವರೆಲ್ಲ ಕಣ್ಣೊರೆಸಿಕೊಂಡಿದ್ದರು.

ಈ ಸಲ ಹನೋಕನ ಸರದಿ. ಉಳಿದದ್ದು ನಾಲ್ಕೇ ದಿನ. ಅವನಿಗೆ ಬೆಳಕೂ ಕಂಡಿರಲಿಲ್ಲ, ಬೆಚ್ಚನೆಯ ಕೈಯೂ ತಾಗಿರಲಿಲ್ಲ. ಸಾಕ್ಷಿ ಇಲ್ಲದವನಿಗೆ ಶಲ್ಯವೆಲ್ಲಿಂದ ಬರಬೇಕು? ಗಂಟು ಕಟ್ಟಿಕೊಂಡು ಮತ್ತೆ ಹತ್ತಿಪೇಟೆಯ ದಾರಿ ಹಿಡಿಯಬೇಕು, ಅಷ್ಟೇ.

ಬದನೆ ಮಡಿಯಲ್ಲಿ ಹುಳ ಆರಿಸುತ್ತಿದ್ದ ಅಜ್ಜಾರ ಎದುರು ಹೋಗಿ ಕುಕ್ಕರಗಾಲಲ್ಲಿ ಕೂತ.

"ಅಜ್ಜಾರೆ, ಮೂರು ವರ್ಷ ಆತು. ಓದೀನಿ, ಹಾಡೀನಿ, ಉಪಾಸ ಮಾಡೀನಿ. ಕೈಗೆ ಏನೂ ಹತ್ತವಲ್ದು. ಒಮ್ಮೆರ ಮುಟ್ಟಬೇಕ್ರಿ."

"ನೀ ಮುಟ್ಟಬೇಕಂತೀಯೋ, ನಿನಗ ಬಂದು ಮುಟ್ಟಬೇಕಂತೀಯೋ?"

"ಎರಡೂ ಒಂದ ಅಲ್ಲೇನ್ರಿ?"

ಅಜ್ಜಾರು ಒಂದು ಹುಳ ಹಿಡಿದು ಮಡಕೆಗೆ ಹಾಕಿದರು.

ಹನೋಕ ಬಿಡಲಿಲ್ಲ. ಶಿಲುಬೆಯಲ್ಲಿ ಸತ್ತು ಎದ್ದುಬಂದ ಸ್ವಾಮಿಯ ಗಾಯದಲ್ಲಿ ಬೆರಳಿಡದೆ ನಂಬುವುದಿಲ್ಲ ಎಂದ ಒಬ್ಬ ಶಿಷ್ಯ ಸತ್ಯವೇದದಲ್ಲೂ ಇದ್ದಾನಲ್ಲ, ಅವನ ಮುಂದೆ ಸ್ವಾಮಿ ತಾನೇ ಬಂದು ಕೈ ಚಾಚಲಿಲ್ಲವೇ, ನನ್ನದೇನು ಪಾಪ ಎಂದು ವಾದ ಹೂಡಿದ.

"ಅದ ಪುಟದಾಗ ಮುಂದ ಏನೈತಿ?"

ಅದೂ ಹನೋಕನಿಗೆ ಬಾಯಿಪಾಠವೇ. ಕಾಣದೆ ನಂಬುವವರು ಇನ್ನೂ ಭಾಗ್ಯವಂತರು ಎಂದು ಸ್ವಾಮಿ ಹೇಳಿದ್ದನ್ನು ಒಪ್ಪಿಸಿದ.

"ಅದನ್ನ ಯಾರಿಗಂತ ಬರದಾರ?"

"ಆಮ್ಯಾಲೆ ಬಂದ ನಮ್ಮಂಥವರಿಗೆ ಇರಬೇಕ್ರಿ."

"ಇರಬೇಕೋ, ಐತೋ?"

ಅಜ್ಜಾರು ಮಡಕೆಯನ್ನು ಅವನ ಕಡೆ ಸರಿಸಿ, ಉಳಿದ ಸಾಲಿನ ಹುಳ ನೀನು ಆರಿಸು ಎಂದು ಎದ್ದುಹೋದರು.

ಮರುದಿನ ಮೇಲಿನ ಓಣಿಯ ದ್ಯಾಮವ್ವ ಒಂದು ಕಾಗದ ಹಿಡಿದುಕೊಂಡು ಆಶ್ರಮಕ್ಕೆ ಬಂದಳು. ಅವಳಿಗೆ ಓದು ಬರದು. ಗಂಡ ಭರಮಪ್ಪ ಎರಡು ವರ್ಷದಿಂದ ಗೋವೆಯ ಕಡೆ ದೋಣಿಯ ಮೇಲೆ ಕೆಲಸಕ್ಕಿದ್ದ. ಅವನಿಗೂ ಓದು ಬರದು, ಯಾರ ಕೈಯಲ್ಲೋ ಬರೆಸಿ ಹಾಕಿದ್ದ.

ಹನೋಕ ಕಾಗದ ತೆಗೆದುಕೊಂಡವನು ಅಭ್ಯಾಸಬಲದಿಂದ ಮೊದಲು ಅದನ್ನು ಎರಡು ಹೆಬ್ಬೆರಳ ನಡುವೆ ಸವರಿ ನೋಡಿದ. ಪಡಸಾಲೆಯಲ್ಲಿ ಕೂತಿದ್ದ ಅಜ್ಜಾರಿಗೆ ನಗು ತಡೆಯಲಾಗಲಿಲ್ಲ.

ಕಾಗದದಲ್ಲಿದ್ದದ್ದು ಇಷ್ಟು. ಬರುವ ಬುಧವಾರ ಊರಿಗೆ ಬರುತ್ತೇನೆ. ಕುಂಟ ಎಮ್ಮೆಗೆ ಹಿಂಡಿ ಹೆಚ್ಚು ಹಾಕಬೇಡ, ನೀನು ಹಾಕಿಯೇ ಹಾಕುತ್ತಿ, ಅದರ ಹೊಟ್ಟೆ ಉಬ್ಬುತ್ತದೆ, ಎಷ್ಟು ಸಲ ಹೇಳಬೇಕು ನಿನಗೆ. ನಾನು ಹೊದೆಯುವ ಕೌದಿ ಇಲಿ ಕಡಿಯದ ಹಾಗೆ ಇಟ್ಟಿರು.

ದ್ಯಾಮವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಿತು. ಎರಡನೆಯ ಸಲ ಓದಿಸಿದಳು. ಎಮ್ಮೆಯ ಭಾಗವನ್ನು ಮೂರನೆಯ ಸಲವೂ ಓದಿಸಿದಳು.

ಉತ್ತರ ಏನು ಬರೆಯಲಿ ಎಂದು ಹನೋಕ ಕೇಳಿದ.

"ಕಾಗದ ಮುಟ್ಟೈತಿ ಅಂತ ಬರೀರಿ."

"ಮತ್ತೇನು?"

"ಮತ್ತೇನ್ ಬ್ಯಾಡ್ರಿ. ಮುಟ್ಟೈತಿ ಅಂದ್ರ ಅವಗ ತಿಳೀತೈತಿ."

ಶನಿವಾರ ಬೆಳಿಗ್ಗೆ ಹನೋಕ ಕೊಡ ಹಿಡಿದು ಹೊಳೆಗೆ ಇಳಿದರೆ ದ್ಯಾಮವ್ವ ಆಗಲೇ ಅಲ್ಲಿದ್ದಳು. ಭರಮಪ್ಪನ ಕೌದಿಯನ್ನು ನೀರಲ್ಲಿ ನೆನೆಹಾಕಿ, ಕಲ್ಲಿನ ಮೇಲೆ ಎತ್ತಿ ಬಡಿಯುತ್ತಿದ್ದಳು. ನೀರು ಕುಡಿದ ಕೌದಿ ಎಂದರೆ ಎರಡಾಳಿನ ಭಾರ. ಹನೋಕ ಕೊಡ ಕೆಳಗಿಟ್ಟು ಹಿಂಡಲು ಇನ್ನೊಂದು ತುದಿ ಹಿಡಿದ. ಹಿಡಿದವನಿಗೆ ಬಾಯಿ ಸುಮ್ಮನಿರಲಿಲ್ಲ. ಅಕ್ಷರ ನಿನ್ನ ಗಂಡನದಲ್ಲ, ಬರೆದವರು ಯಾರೋ ಗೊತ್ತಿಲ್ಲ, ಕಾಗದ ಅವನದೇ ಎಂದು ಹೇಗೆ ಹೇಳುತ್ತೀ ಎಂದು ಕೇಳಿದ.

"ಅಕ್ಷರ ಯಾರದರ ಇರ್ಲಿ, ಬೈಗುಳ ಅವನ್ದ ಐತ್ರಿ. ಎಮ್ಮಿ ಸಲುವಾಗಿ ನನಗ ಹಂಗ ಬೈಯ್ಯಾವ ಈ ಭೂಮಿ ಮ್ಯಾಲೆ ಇನ್ನೊಬ್ಬ ಇಲ್ಲ."

"ಕೇಳಿದಾಗ ಒಳಗ ಏನರ ಅನಸ್ತೇನವಾ? ಬಂದೇ ಬರ್ತಾನ ಅಂತ?"

"ಇದೊಳ್ಳೆ ಮಾತು. ರಟ್ಟಿ ನೋವು ಅನಸತೈತಿ. ಜಗ್ಗರಿ, ಜಗ್ಗಿ ಹಿಂಡ್ರಿ."

ಅವನು ಜಗ್ಗಿ ಹಿಂಡಿದ. ಬುಧವಾರ ಬರಲಿ, ಗಂಡ ಬಂದದ್ದನ್ನು ಕಣ್ಣಾರೆ ಕಂಡು ಆಮೇಲೆ ಒಗೆಯಬಹುದಿತ್ತಲ್ಲ ಎಂದೂ ಹೇಳಿ ನೋಡಿದ.

ದ್ಯಾಮವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಪಾಪ, ಓದಿದವನು ಎಂಬ ಮರುಕ ಅವಳ ಮುಖದಲ್ಲಿತ್ತು.

"ಬಂದ ಮ್ಯಾಲೆ ಒಗದ್ರ ಒಣಗೂದು ಯಾವಾಗ್ರಿ, ಅವ ಹೊಚ್ಚಿಕೊಳ್ಳೂದು ಯಾವಾಗ?"

ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ಹನೋಕನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ದೀಕ್ಷೆಯನ್ನು ಮುಂದಿನ ರವಿವಾರಕ್ಕೆ ಹಾಕಿಸಿದರಾಯಿತು. ಬುಧವಾರ ಭರಮಪ್ಪ ಬಂದನೆನ್ನಿ, ಬರೆದ ಮಾತು ನಿಲ್ಲುತ್ತದೆ ಎಂಬುದಕ್ಕೆ ಅದೇ ಗುರುತು. ಅದನ್ನೇ ಸಾಕ್ಷಿಯಾಗಿ ಹೇಳಬಹುದು.

ಅಂಗಳದಲ್ಲಿ ಅಜ್ಜಾರು ಒಂದು ಹೊಸ ಬಿಳಿ ಶಲ್ಯವನ್ನು ಝಾಡಿಸಿ ಹಗ್ಗದ ಮೇಲೆ ಹರವುತ್ತಿದ್ದರು. ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಯಾರದ್ರಿ ಅದು?"

"ನಿಂದ."

"ನಾ ಇನ್ನೂ ಏನೂ ಹೇಳಿಲ್ಲಲ್ರಿ."

"ಒಣಗಾಕ ಹೊತ್ತು ಬೇಕಲ್ಲೋ."

ಹನೋಕ ಕೊಡ ಇಳಿಸಿ, ಬುಧವಾರದ ಉಪಾಯವನ್ನು ಒಪ್ಪಿಸಿದ. ಇನ್ನೂ ಒಂದನ್ನು ಒಪ್ಪಿಸಿದ. ಬೇರೆ ದಾರಿ ಕಾಣದೆ ಒಂದು ಕನಸನ್ನು ಕಟ್ಟಿಕೊಂಡಿದ್ದ, ನಾಳೆ ಅದನ್ನೇ ಹೇಳಿ ಪಾರಾಗಬೇಕೆಂದಿದ್ದ. ಕನಸು ಕಂಡೆನೆಂದರೆ ಯಾರು ಬಂದು ಒಳಗೆ ಕೈ ಹಾಕಿ ನೋಡುತ್ತಾರೆ? ಹೇಳುವಾಗ ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು.

"ಕನಸು ಚಲೋ ಇತ್ತೇನು?" ಅಜ್ಜಾರು ಕೇಳಿದರು.

"ಚಲೋ ಇತ್ರಿ. ಬೆಳಕು ಇತ್ತು. ಪಾರಿವಾಳನೂ ಇತ್ತು."

ಅಜ್ಜಾರು ಮನಸಾರೆ ನಕ್ಕರು. ಆಮೇಲೆ ಶಲ್ಯದ ಮಡಿಕೆ ಬಿಡಿಸುತ್ತ ನಿಧಾನವಾಗಿ ಹೇಳಿದರು.

"ಬುಧವಾರ ಭರಮಪ್ಪ ಬಂದ ಅಂದ್ರ, ಅವತ್ತ ದ್ಯಾಮವ್ವಗ ನಂಬಿಕಿ ಯಾಕ ಬೇಕು ಹೇಳು. ಎದುರಿಗೇ ಉಣ್ಣಾಕ ಕುಂತಿರ್ತಾನ."

ರವಿವಾರ ಬಂತು. ದಂಡೆಯ ತುಂಬ ಜನ. ರೂತವ್ವನೂ ಸೀಲಪ್ಪನೂ ಮುಂದೆಯೇ ಕೂತಿದ್ದರು. ದ್ಯಾಮವ್ವನ ಕೌದಿ ಆಚೆ ಬಂಡೆಯ ಮೇಲೆ ಬಿಸಿಲಿಗೆ ಹರವಿಕೊಂಡಿತ್ತು, ಅದನ್ನು ಕಾಯುತ್ತ ಅವಳೂ ಕೂತಿದ್ದಳು.

ಹನೋಕ ಕೊನೆಯ ಮೆಟ್ಟಿಲಿಗೆ ಇಳಿದ. ಈಗಲಾದರೂ ಏನಾದರೂ ಆದೀತೆಂದು ಒಂದು ಗಳಿಗೆ ಕಣ್ಣು ಮುಚ್ಚಿ ಕಾದ. ನೀರು ತಣ್ಣಗಿತ್ತು. ಹಿಮ್ಮಡಿಗೆ ಒಂದು ಮೀನು ಕಚ್ಚಿತು. ಬೇರೇನೂ ಆಗಲಿಲ್ಲ.

ಜನ ಕಾಯುತ್ತಿದ್ದರು. ಕಟ್ಟಿದ ಕನಸು ನಾಲಿಗೆಯ ತುದಿಗೇ ಇತ್ತು. ಹನೋಕ ಅದನ್ನು ನುಂಗಿಕೊಂಡು ಪಕ್ಕದಲ್ಲಿ ಶಲ್ಯ ಹಿಡಿದು ನಿಂತಿದ್ದ ಅಜ್ಜಾರ ಕಡೆ ತಿರುಗಿದ.

"ಅಜ್ಜಾರೆ, ನನಗ ಏನೂ ಕಂಡಿಲ್ರಿ. ಏನೂ ಆಗಿಲ್ಲ. ದಿನಾ ಸತ್ಯವೇದ ಓದಿದ್ದಷ್ಟ. ಓದಿದ್ರ ಯಾರೋ ನನ್ನ ಗುರುತು ಇದ್ದವರು, ನನ್ನ ಹೆಸರು ಹಿಡದ ಬೈದಂಗ ಆಕೈತಿ. ಆ ಮಾತು ಬಿಟ್ಟು ಹೋಗಾಕ ಕಾಲು ಏಳವಲ್ದು. ಈ ಮಂದಿಗೆ ನಾ ಏನಂತ ಹೇಳ್ಲಿ?"

ಅಜ್ಜಾರು ಒಣಗಿದ ಶಲ್ಯವನ್ನು ಅವನ ಹೆಗಲಿಗೆ ಹೊದಿಸಿ, ತುದಿಗಳನ್ನು ಎದೆಯ ಮೇಲೆ ಸರಿಮಾಡಿದರು.

"ಕಾಗದ ಮುಟ್ಟೈತಿ ಅಂತ ಹೇಳು."