ಹುಳ ತಿಂದ ಹಾಳೆ

ನದಿ ದಂಡೆಯ ಮೇಲೊಂದು ಆಶ್ರಮ. ಆಶ್ರಮಕ್ಕೊಂದು ಹೈಸ್ಕೂಲು. ಅಲ್ಲಿ ಚಿತ್ರ ಕಲಿಸುವವರು ಕಾಳಾಚಾರ್ರು. ಮಾತು ಕಡಿಮೆ, ನಶ್ಯ ಜಾಸ್ತಿ.

ಒಂಬತ್ತನೇ ತರಗತಿಗೆ ಬಂದವರು ಚಿತ್ರಕಲೆಯೋ ಕಂಪ್ಯೂಟರೋ, ಒಂದನ್ನು ಆರಿಸಿಕೊಳ್ಳಬೇಕು. ಸುಗುಣಳಿಗೆ ಚಿತ್ರವೇ ಬೇಕು. ಅವಳಪ್ಪನದು ಒಂದೇ ಮಾತು: "ಆಚಾರ್ರು ರುಜು ಹಾಕಿದರೆ ಸೇರು. ಹಾಕದಿದ್ದರೆ ಆ ಹುಚ್ಚು ಅಲ್ಲಿಗೇ ಬಿಡು."

ಫಾರಮ್ಮು ಕೊಡಲು ಶನಿವಾರ ಕಡೇ ದಿನ.

ಗುರುವಾರ ಅವಳು ಫಾರಮ್ಮನ್ನೂ ತಾನು ಬರೆದ ಸರಸ್ವತಿಯನ್ನೂ ತಂದು ಗುರುಗಳ ಮುಂದಿಟ್ಟಳು.

ಅಲ್ಲಿ ಹೊಸಬರು ಬರೆಯುವ ಕ್ರಮವೇ ಬೇರೆ. ಗುರುಗಳು ಬರೆದ ಮಾದರಿ ಹಾಳೆಯಲ್ಲಿ ಗೆರೆಯುದ್ದಕ್ಕೂ ಸೂಜಿಯ ತೂತು ಇರುತ್ತದೆ. ಅದನ್ನು ಬಿಳಿ ಕಾಗದದ ಮೇಲಿಟ್ಟು ಇದ್ದಿಲಪುಡಿಯ ಬಟ್ಟೆಗಂಟು ತಟ್ಟಿದರೆ ಕೆಳಗೆ ಚುಕ್ಕಿ ಮೂಡುತ್ತದೆ. ಚುಕ್ಕಿ ಕೂಡಿಸಿ ಬಣ್ಣ ತುಂಬಿದರಾಯಿತು.

ಆಚಾರ್ರು ಚಿತ್ರ ನೋಡಿದರು.

"ಕೆನ್ನೆ ಮೇಲೆ ಇದೇನಮ್ಮ?"

"ಮಚ್ಚೆ, ಗುರುಗಳೇ. ನಿಮ್ಮ ಹಾಳೆಯಲ್ಲಿ ಇತ್ತಲ್ಲ."

"ಅಯ್ಯೋ ಮಂಕೆ, ಅದು ಹುಳ ತಿಂದ ತೂತು!"

ಸುಗುಣ ಚಿತ್ರವನ್ನು ಹತ್ತಿರಕ್ಕೆ ಎಳೆದು ನೋಡಿದಳು.

"ಸರಸ್ವತಿಗೆ ಮಚ್ಚೆ ಇದೆ ಅಂತ ಎಲ್ಲಾದರೂ ಕೇಳಿದ್ದೀಯಾ?"

"ಇಲ್ಲ. ನೀವು ಬರೆದ ಮೇಲೆ ಇರಲೇಬೇಕು ಅಂದುಕೊಂಡೆ."

"ಈ ಚಿತ್ರಕಲೆ ಯಾಕೆ ಬೇಕು ನಿನಗೆ?"

"ನಿಮ್ಮ ಹಾಗೇ ಬರೆಯೋಕೆ."

"ನನ್ನ ಹಾಗೆ ಬರೆಯೋಕೆ ನಾನಿದ್ದೀನಲ್ಲ."

ಫಾರಮ್ಮನ್ನು ಹಿಂದಕ್ಕೆ ತಳ್ಳಿದರು. ಸುಗುಣ ಅಲ್ಲೇ ಕೂತು ಅತ್ತಳು.

"ಹಾಗಾದರೆ ನನಗೆ ಬರಲ್ಲ ಅಂತಲಾ?"

"ಅದನ್ನ ನಾನೆಲ್ಲಿ ಹೇಳಿದೆ? ನನ್ನ ತೂತಿನ ಹಾಳೆ ಇಟ್ಟುಕೊಳ್ಳದೆ ಏನಾದರೂ ಬರಕೊಂಡು ಬಾ."

"ಏನು ಬರೀಲಿ?"

ಆಚಾರ್ರು ನಶ್ಯ ಏರಿಸಿದರು. ಸೀನಿದರು.

ಶುಕ್ರವಾರ ಅವಳು ಹೊಳೆ ದಡದಲ್ಲಿ ಕೂತಳು. ಹರಿಗೋಲು ನಡೆಸುವ ಮಾದಮ್ಮ ಹುಟ್ಟು ಹಿಡಿದು ಜನರಿಗಾಗಿ ಕಾಯುತ್ತಿದ್ದಳು. ಅವಳ ಕಿರುಬೆರಳು ಯಾವತ್ತೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಸುಗುಣ ಆ ಕೈಯನ್ನೇ ಬರೆದಳು. ಅಳಿಸಿದಳು. ಅಳಿಸಿ ಅಳಿಸಿ ಕಾಗದ ಹರಿಯಿತು.

ಶನಿವಾರ ಬೆಳಿಗ್ಗೆ ಮತ್ತೆ ಬರೆದಳು. ಮಾದಮ್ಮ ಬಗ್ಗಿ ನೋಡಿದಳು.

"ಅಯ್, ನನ್ನ ಕೈ ಅಲ್ವಾ ಇದು! ಆದರೂ ನನ್ನ ಬೆರಳು ಇಷ್ಟೊಂದು ಸೊಟ್ಟ ಇಲ್ಲ ಕಣವ್ವ."

ಸುಗುಣ ಒಂದೇ ಉಸಿರಿಗೆ ಆಶ್ರಮಕ್ಕೆ ಓಡಿದಳು.

"ಚೆನ್ನಾಗಿ ಬಂದಿಲ್ಲ, ಗುರುಗಳೇ. ಎರಡು ದಿನ ಒದ್ದಾಡಿದೆ. ಮಾದಮ್ಮನ ಆ ಬೆರಳು ಎಲ್ಲಿ ಬಾಗುತ್ತೆ ಅನ್ನೋದೇ ಗೊತ್ತಾಗ್ತಿಲ್ಲ. ನೀವು ರುಜು ಹಾಕದಿದ್ದರೂ ಪರವಾಗಿಲ್ಲ, ಅದೊಂದು ಹೇಳಿಕೊಡಿ."

ಆಚಾರ್ರು ಚಿತ್ರವನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ತಮ್ಮ ಕಿರುಬೆರಳನ್ನೇ ಒಮ್ಮೆ ಮಡಿಸಿ ನೋಡಿಕೊಂಡರು.

ಆಮೇಲೆ ಫಾರಮ್ಮು ಎಳೆದುಕೊಂಡು ರುಜು ಹಾಕಿದರು.

ಸುಗುಣ ಏಳಲಿಲ್ಲ. "ಬೆರಳು, ಗುರುಗಳೇ?"

"ಅದಕ್ಕೆ ನನ್ನ ಹತ್ತಿರ ಹಾಳೆ ಇಲ್ಲ. ಸೋಮವಾರ ದಡಕ್ಕೆ ಹೋಗುವಾಗ ನನ್ನನ್ನೂ ಕರಿ."