ಸೋಲಾರ್ ಮನೆಗೆ ಸಾಮಾನು ತಂದ ಓಬಳೇಶ

ನಗೋರು ಮುಂದೆ ಬನ್ನಿ, ಬೈಯೋರು ಹಿಂದೆ ಕೂತ್ಕೊಳ್ಳಿ. ಈ ಕತೇಲಿ ಇಬ್ಬರಿಗೂ ಕೆಲಸ ಇದೆ.

ಚಿತ್ರದುರ್ಗದ ಕಡೆ ಒಂದು ಇಂಜಿನಿಯರಿಂಗ್ ಕಾಲೇಜು. ಅದರ ಹಾಸ್ಟೆಲಲ್ಲಿ ಅಡುಗೆ ಮಾಡೋಳು ಬೋರಕ್ಕ. ಅವಳ ಒಬ್ಬನೇ ಮಗ ಓಬಳೇಶ ಅಲ್ಲೇ ಓದ್ತಿದ್ದ. ಓದ್ತಿದ್ದ ಅಂದ್ರೆ, ಪುಸ್ತಕ ತೆರೀತಿದ್ದ. ಒಳ್ಳೆ ಹುಡುಗ, ಹೇಳಿದ್ದನ್ನ ಮಾಡೋನು. ಹೇಳಿದ್ದನ್ನೇ ಮಾಡೋನು! ಅದೇ ಬೋರಕ್ಕನ ಸಂಕಟ.

ಆ ವರ್ಷ ಹುಡುಗರೇ ಸೇರಿ ಒಂದು ಸೋಲಾರ್ ಮನೆ ಕಟ್ಟಬೇಕಿತ್ತು. ಸಿಮೆಂಟು, ಕಬ್ಬಿಣ ಆದಷ್ಟು ಕಮ್ಮಿ. ಭೂಮಿಗೆ ಕೇಡಾಗದ ಸಾಮಾನು ಯಾವುದು ಅಂತ ಹುಡುಕಿ, ತಂದು, ಪರೀಕ್ಷೆ ಮಾಡಿ ಕಟ್ಟಬೇಕು. ಮನೆ ಮೆಚ್ಚಿಗೆಯಾದ್ರೆ ಸರ್ಟಿಫಿಕೇಟು. ಅದನ್ನ ಆಫೀಸಲ್ಲಿ ಕೊಟ್ರೆ ಓಬಳೇಶ ಪಾಸು. ಇಲ್ಲಾಂದ್ರೆ ಕಾಲೇಜಿಂದಾಚೆಗೆ.

"ನನ್ನಪ್ಪಾ, ಝರೀನಾ ಹೇಳಿದ ಹಾಗೆ ಕೇಳೋ!" ಅಂತ ಕೈ ಮುಗಿದಳು ಬೋರಕ್ಕ. ಝರೀನಾ ಅಂದ್ರೆ ತಂಡದ ಮುಂದಾಳು.

"ಹೇಳಿದ ಹಾಗೇ ಕೇಳ್ತೀನವ್ವ!"

ಮೊದಲು ಚೂರೇ ಚೂರು ಸಿಮೆಂಟು ಬೆರೆಸಿದ ಮಣ್ಣಿನ ಇಟ್ಟಿಗೆ ತಾ ಅಂದ್ಲು ಝರೀನಾ. ಹೋದ. ಆಗ ತಾನೇ ಅಚ್ಚಿಂದ ಎತ್ತಿದ ಹಸಿ ಇಟ್ಟಿಗೇನ ಚೀಲಕ್ಕೆ ತುಂಬ್ಕೊಂಡು, ಸೈಕಲ್ಲಿಗೆ ಕಟ್ಕೊಂಡು, ಕುಲುಕಿಸ್ಕೊಂಡು ಬಂದ. ಬಿಚ್ಚಿ ನೋಡಿದ್ರೆ ಬರೀ ಮಣ್ಣು!

"ಅಯ್ಯೋ ಪೆದ್ದೇ! ಗೋಣಿಚೀಲ ಹೊದಿಸಿ, ದಿನಾ ನೀರು ಹಾಕಿ, ಗಟ್ಟಿ ಆದ್ಮೇಲೆ ತರ್ಬೇಕು ಕಣೋ!"

"ಹೇಳಿದ ಹಾಗೇ ಮಾಡ್ತೀನಿ!"

ಆಮೇಲೆ ಗೋಡೆಗೆ ಬಳಿಯೋಕೆ ಸುಟ್ಟ ಸುಣ್ಣ. ತಂದ. ಗೋಣಿಚೀಲ ಹೊದಿಸಿದ. ಕೊಡದ ಮೇಲೆ ಕೊಡ ನೀರು ಸುರಿದ. ಸುಣ್ಣ ಕೊತಕೊತ ಕುದೀತು, ಹೊಗೆ ಎದ್ದಿತು, ಗೋಣಿಚೀಲ ಕರಕಲಾಯ್ತು. ಬೋರಕ್ಕ ಸೌಟು ಹಿಡ್ಕೊಂಡೇ ಓಡಿ ಬಂದ್ಲು.

"ಅಯ್ಯೋ ಪೆದ್ದೇ! ಪ್ಲಾಸ್ಟಿಕ್ ಸುತ್ತಿ, ಗಾಳಿ ಆಡದ ಹಾಗೆ ಬಿಗಿಯಾಗಿ ಕಟ್ಟಿಡ್ಬೇಕು ಕಣೋ!" ಅಂದ್ಲು ಝರೀನಾ.

"ಹೇಳಿದ ಹಾಗೇ ಮಾಡ್ತೀನಿ!"

ಆಮೇಲೆ ಸೂರಿಗೆ ಹಸಿ ಬಿದಿರು. ತಂದ. ಪ್ಲಾಸ್ಟಿಕ್ ಸುತ್ತಿದ. ಬಿಗಿದ. ಬಿಚ್ಚೋ ಹೊತ್ತಿಗೆ ಬೂಸ್ಟು ಹಿಡಿದು ಬಿದಿರಿಗೆಲ್ಲ ಬಿಳಿ ಗಡ್ಡ ಬಂದಿತ್ತು!

"ಅಯ್ಯೋ ಪೆದ್ದೇ! ನೆರಳಲ್ಲಿಡ್ಬೇಕು ಕಣೋ! ಬಿಸಿಲು ಸೋಕಿದ್ರೆ ಸೀಳಿ ಹೋಗುತ್ತೆ!"

"ಹೇಳಿದ ಹಾಗೇ ಮಾಡ್ತೀನಿ!"

ಹೇಗೋ ಮನೆ ಎದ್ದಿತು. ಸೂರಿನ ಮೇಲೆ ಸೋಲಾರ್ ಪ್ಯಾನಲ್ ಕೂರಿಸಿ ಎಲ್ಲರೂ ಊಟಕ್ಕೆ ಹೋದ್ರು. ಬಂದು ಸ್ವಿಚ್ ಒತ್ತಿದ್ರೆ ದೀಪ ಇಲ್ಲ, ಫ್ಯಾನು ಇಲ್ಲ. ಝರೀನಾ ಮೇಲೆ ಹತ್ತಿ ನೋಡಿದ್ಲು. ಪ್ಯಾನಲ್ಲಿಗೆ ತೆಂಗಿನ ಗರಿಯ ಚಪ್ಪರ! ಅದರಡಿ ಓಬಳೇಶ ಬೀಸಣಿಗೆ ಹಿಡ್ಕೊಂಡು ಕೂತಿದ್ದಾನೆ.

"ಅಯ್ಯೋ ಪೆದ್ದೇ! ನಾಳೆ ತೀರ್ಪುಗಾರರು ಬರ್ತಾರೆ, ಇನ್ನೊಂದು ಸಲ ಹಿಂಗಾದ್ರೆ ನಿನ್ನ ಹೆಸರೇ ಹೊಡೆದು ಹಾಕ್ತೀನಿ! ಬೆಳಗ್ಗೆ ಬಂದದ್ದನ್ನ ಸೀದಾ ಸೂರಿಗೆ ಹತ್ತಿಸು. ದಕ್ಷಿಣಕ್ಕೆ ಮುಖ ಮಾಡಿ, ಒಂಚೂರು ವಾರೆಯಾಗಿ, ಪೂರ್ತಿ ಬಿಸಿಲಿಗಿಡು. ಧೂಳು ಒರೆಸ್ತಾ ಇರು!"

"ಹೇಳಿದ ಹಾಗೇ ಮಾಡ್ತೀನಿ!"

ಉಳಿದ ಪ್ಯಾನಲ್ ಬೆಳಗ್ಗೆ ಬರಬೇಕಿತ್ತು. ಅದಕ್ಕಿಂತ ಮುಂಚೆ ತೀರ್ಪುಗಾರರೇ ಬಂದ್ರು. ದಪ್ಪ ಮೈ, ಬೋಳು ತಲೆ. ಓಬಳೇಶ ಅವರನ್ನೇ ಸೀದಾ ಸೂರಿಗೆ ಹತ್ತಿಸಿದ. ಆರಾಮ ಕುರ್ಚೀಲಿ ದಕ್ಷಿಣಕ್ಕೆ ಮುಖ ಮಾಡಿ, ಒಂಚೂರು ವಾರೆಯಾಗಿ ಒರಗಿಸಿದ. ಒದ್ದೆ ಬಟ್ಟೇಲಿ ತಲೆ ಒರೆಸಿದ.

"ಏನಯ್ಯಾ ಇದು?"

"ಧೂಳು ಸಾರ್! ಅಲುಗಾಡ್ಬೇಡಿ! ವೈರು ಎಲ್ಲಿ ಸಿಗಿಸ್ಲಿ?"

ಬೆವೆತು, ಕೆಂಪಾಗಿ, ಎದ್ದೆನೋ ಬಿದ್ದೆನೋ ಅಂತ ಇಳಿದು ಮನೆಯೊಳಕ್ಕೆ ನುಗ್ಗಿದ್ರು ಅವರು. ಮಗನ ಓದು ಮುಗೀತು ಅಂತ ಬೋರಕ್ಕ ಹೊಸ್ತಿಲಲ್ಲೇ ಅತ್ತಳು. ಪಾಪ, ಅವಳ ಸಂಕಟ ಯಾರಿಗೆ ಹೇಳ್ಕೊಂಡಾಳು!

ಒಳಗಿಂದ ದನಿ ಬಂತು: "ಅಬ್ಬಬ್ಬಾ, ಏನು ತಂಪು! ಆಚೆ ಬೆಂದು ಬಂದವನಿಗೇ ಗೊತ್ತು ಈ ಮಣ್ಣಿನ ಗೋಡೆ ಬೆಲೆ. ಕೊಡಿ ಇವರಿಗೆಲ್ಲ ಸರ್ಟಿಫಿಕೇಟು!"

ಸರ್ಟಿಫಿಕೇಟು ಕೈಗೆ ಬಂದ್ಮೇಲೆ ಬೋರಕ್ಕ ಮಗನ ತಲೆ ಸವರಿ ಅಂದ್ಲು: "ಕಾಗದ ತೆಳ್ಳಗಿದೆ ಕಣೋ, ಹರಿದು ಗಿರಿದು ಹೋದೀತು. ಜೋಪಾನವಾಗಿ ತಂದು ಆಫೀಸಲ್ಲಿ ಕೊಡು."

ವಾರ ಕಳೀತು. ಆಫೀಸಿಂದ ಕರೆ ಬಂತು. ಅವತ್ತೇ ಕೊನೇ ದಿನ.

"ಎಲ್ಲೋ ಮಗನೇ ಸರ್ಟಿಫಿಕೇಟು?"

"ಹಿತ್ತಲಲ್ಲಿದೆ ಅವ್ವ! ಗೋಣಿಚೀಲ ಹೊದಿಸಿ ದಿನಾ ನೀರು ಹಾಕ್ತಿದೀನಿ. ಗಟ್ಟಿ ಆದ್ಮೇಲೆ ತಾನೇ ತರ್ಬೇಕು?"